ಅಜ್ಜಿಯ ತವರಿನ ಕಾಗುಣಿತ

ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿದ ನೆಪದಲ್ಲಿ ನನ್ನ ಹೆಂಡತಿಯ ಒಡಹುಟ್ಟಿದವರೆಲ್ಲ ಸೇರಿ ನಮಗೊಂದು ಸಮಾರಂಭ ಏರ್ಪಡಿಸಿದರು. (ನಮಗೆ ಅಂದರೆ ಅವಳಿಗೆ. ನಾನು ಜೊತೆಯಲ್ಲಿ ಬಂದ ಉಚಿತ ಕೊಡುಗೆ.) ಫೋಟೋದವನು "ಹೆಣ್ಣಿನ ಕಡೆಯವರು ಬನ್ನಿ" ಎಂದದ್ದೇ ತಡ, ವೇದಿಕೆ ಕಿರುಗುಟ್ಟುವಷ್ಟು ಜನ ಹತ್ತಿದರು. ಎಲ್ಲರನ್ನೂ ಒಂದೇ ಚೌಕಟ್ಟಿನೊಳಗೆ ಹಿಡಿಸಲು ಆತ ಹಿಂದೆ ಹಿಂದೆ ಸರಿದು ಕೈತೊಳೆಯುವ ಜಾಗ ತಲುಪಿದ. ಆಮೇಲೆ "ಗಂಡಿನ ಕಡೆಯವರು ಬನ್ನಿ" ಎಂದ. ನಾನು ಹೋಗಿ ನಿಂತೆ.

"ಉಳಿದವರು ಊಟಕ್ಕೆ ಕೂತ್ಬಿಟ್ರಾ ಸಾರ್? ಕಾಯೋಣ್ವಾ?"

"ಇಲ್ಲಪ್ಪ. ಇಷ್ಟೇ."

"ಇಷ್ಟೇ ಅಂದ್ರೆ?"

ಇಷ್ಟೇ ಅಂದರೆ ಇಷ್ಟೇ. ನಮ್ಮಪ್ಪ ಒಬ್ಬನೇ ಮಗ, ನಾನು ಒಬ್ಬನೇ ಮಗ. ಅಮ್ಮನ ಕಡೆಯೂ ಯಾರೂ ಉಳಿದಿಲ್ಲ. ನಮಗೆ ಮಕ್ಕಳಿಲ್ಲ. (ಇದ್ದಿದ್ದರೂ ತಾಯಿಯ ಕಡೆಗೇ ಹೋಗಿ ನಿಲ್ಲುತ್ತಿದ್ದವು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.) ನಾನು ಕರಡು ತಿದ್ದುತ್ತಿದ್ದ ಪತ್ರಿಕೆ ಮುಚ್ಚಿಹೋದ ಮೇಲಂತೂ ನನ್ನ ತಪ್ಪು ಹಿಡಿಯುವವಳು ಮನೆಯಲ್ಲಿದ್ದಳೇ ಹೊರತು, ನಾನು ಹಿಡಿಯಲು ಯಾರ ತಪ್ಪೂ ಉಳಿದಿರಲಿಲ್ಲ. ಮನೆಯ ಫೋನು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತದೆ, ಎಲ್ಲವೂ ಅವಳಿಗೆ. ರಾಂಗ್ ನಂಬರಿನವರು ಕೂಡ "ಮೇಡಂ ಇದಾರಾ?" ಎಂದೇ ಕೇಳುತ್ತಾರೆ.

ಸಮಾರಂಭದ ಮರುದಿನ ನಾನು ಘೋಷಿಸಿದೆ: "ನಾನೂ ನೆಂಟರನ್ನು ಹುಡುಕ್ತೀನಿ."

"ಕಳೆದುಹೋದ ಕನ್ನಡಕ ಹುಡುಕಿ ಮೊದಲು," ಎಂದಳು.

ಉಳಿದಿದ್ದ ದಾರಿ ಒಂದೇ, ಅಪ್ಪನ ತಾಯಿಯ ತವರು. ಅಜ್ಜಿ ನಾನು ಹುಟ್ಟುವ ಮುಂಚೆಯೇ ತೀರಿಕೊಂಡವಳು. ಅವಳ ಕಡೆಯವರು ಯಾರೂ ಹೊಸ್ತಿಲು ತುಳಿದದ್ದನ್ನು ಅಪ್ಪ ಕಂಡಿರಲಿಲ್ಲ. ಬೀದಿಯಲ್ಲಿ ಯಾರಾದರೂ ಅಪರಿಚಿತರು ಹೋದರೆ ಅಜ್ಜಿ ಕೈಯ ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದಳಂತೆ. ಅವರು ಮುಂದೆ ಹೋದ ಮೇಲೆ ಒಳಗೆ ಹೋಗುತ್ತಿದ್ದಳಂತೆ. ಅವಳ ಬಗ್ಗೆ ಅಪ್ಪ ಹೇಳಿದ್ದು ಅಷ್ಟೇ.

ಅಪ್ಪನ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಹರವಿ ಕುಳಿತೆ. ಅಪ್ಪನ ಜನನ ಪತ್ರದ ನಕಲಿನಲ್ಲಿ 'ತಾಯಿಯ ತವರಿನ ಅಡ್ಡಹೆಸರು: ಕಾಲಿ' ಎಂದಿತ್ತು. ಶಾಲೆಯ ಪತ್ರದಲ್ಲಿ 'ಗಾಲಿ'. ಕೆಲಸಕ್ಕೆ ಸೇರಿದಾಗಿನ ಕಾಗದದಲ್ಲಿ 'ಗಾಳಿ'. ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲುತ್ತಿದ್ದರು. ನಾನೋ, ಊರಿನ ಕಾಗುಣಿತವನ್ನೆಲ್ಲ ತಿದ್ದಿ ಹಣ್ಣಾದವನು!

"ಮಳೆ, ಕಾಲ, ಎರಡೂ ಸೇರಿದರೆ ಮಳೆಗಾಲ. ಕಕಾರಕ್ಕೆ ಗಕಾರ ಆದೇಶ. ಹಾಗೆಯೇ ಕಾಲಿ ಹೋಗಿ ಗಾಲಿ ಆಗಿದೆ. ಲಕಾರ ಬಾಯಲ್ಲಿ ಮಡಚಿಕೊಂಡು ಗಾಳಿ! ಮೂರೂ ಒಂದೇ ಮನೆತನ ಕಣೇ."

"ಹೌದು, ಆ ಗಾಳಿ ಈಗ ನಿಮ್ಮ ತಲೆಗೆ ಹೊಕ್ಕಿದೆ," ಎಂದು ಅವಳು ಫೋನು ಎತ್ತಿಕೊಂಡಳು.

ಅನ್ವೇಷಣೆ ಆರಂಭವಾಯಿತು. ದೊಡ್ಡ ರಸ್ತೆಯ ತಿರುವಿನಲ್ಲಿ 'ಗಾಲಿ' ಎಂಬ ಬೋರ್ಡು ಕಂಡು ಎದೆ ಝಲ್ಲೆಂದಿತು. ಹತ್ತಿರ ಹೋದರೆ ಅದರ ಮುಂದೆ 'ಗೆ ಗಾಳಿ ಹಾಕಲಾಗುತ್ತದೆ' ಎಂದು ಮರದ ಕೊಂಬೆಯ ಹಿಂದೆ ಅಡಗಿತ್ತು. ಪಂಕ್ಚರ್ ಅಂಗಡಿಯವನಿಗೆ ನನ್ನ ವಂಶದ ಕಥೆಯನ್ನೆಲ್ಲ ಹೇಳಿದೆ. ಆತ ಕೈ ಒರೆಸಿಕೊಳ್ಳುತ್ತಾ, "ಗಾಳಿ ಅನ್ನೋ ಅಡ್ಡಹೆಸರಿನವರು ಒಬ್ರಿದಾರೆ ಸಾರ್, ಹಳೇ ಪೋಸ್ಟಾಫೀಸಿನ ಹಿಂದೆ ವಾಚ್ ರಿಪೇರಿ ಮಾಡ್ತಾರೆ," ಎಂದ.

ಅಂಗಡಿ ಅಂದರೆ ಎರಡು ಗೋಡೆಗಳ ನಡುವಿನ ಸಂದಿ. ಗಡಿಯಾರದವರು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕುಳಿತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಮದುವೆಯಾಗಿಲ್ಲ, ಹಿಂದಿನ ಕೋಣೆಯಲ್ಲೇ ವಾಸ. ನಾನು ಬಂದ ಕಾರಣ ಹೇಳಿದೆ. ಅವರು ಮಸೂರ ತೆಗೆಯದೆಯೇ ನನ್ನನ್ನು ದಿಟ್ಟಿಸಿದರು.

"ನಮ್ಮ ಮನೆಯಿಂದ ಹೆಣ್ಣು ಕೊಟ್ಟಿದ್ರಾ? ನನಗೆ ಗೊತ್ತಿಲ್ಲಪ್ಪ. ಹೇಳೋರು ಯಾರಿದಾರೆ ಈಗ?" ಎಂದು ಮಸೂರದ ಕಣ್ಣನ್ನು ನನ್ನ ಮುಖದ ಹತ್ತಿರ ತಂದು, "ಮೂಗು ಮಾತ್ರ ನಮ್ಮದೇ," ಎಂದರು.

ಅಷ್ಟು ಸಾಕಾಯಿತು. ಅಜ್ಜಿಯ ತವರಿನವರು ನನಗೇನಾಗಬೇಕು ಎಂದು ಬೆರಳು ಮಡಚಿ ಮಡಚಿ ಲೆಕ್ಕ ತಪ್ಪಿ, ಹಿರಿಯರಲ್ಲವೇ ಎಂದು 'ಅಣ್ಣ' ಅಂದೆ. ಅವರು ಎದುರಿನ ಅಂಗಡಿಯವನಿಗೆ ಕೂಗಿ ಹೇಳಿದರು: "ಎರಡು ಟೀ ಕಳಿಸಪ್ಪ, ನನ್ನ ತಮ್ಮ ಬಂದಿದಾನೆ!" ನನ್ನ ಕಣ್ಣು ಯಾಕೋ ಮಂಜಾಯಿತು. (ಕನ್ನಡಕ ಇನ್ನೂ ಸಿಕ್ಕಿರಲಿಲ್ಲ.)

ಅಂದಿನಿಂದ ಭಾನುವಾರವೆಂದರೆ ಅಲ್ಲಿಗೇ. ಮಾತು ಹೆಚ್ಚಿರಲಿಲ್ಲ. ಅವರು ಚಕ್ರ ಬಿಚ್ಚುತ್ತಿದ್ದರು, ನಾನು ಹಳೆಯ ಪತ್ರಿಕೆ ಓದಿ ಅಕ್ಷರದೋಷ ಹೇಳುತ್ತಿದ್ದೆ, ಅವರು "ಛೆ ಛೆ" ಅನ್ನುತ್ತಿದ್ದರು. ಹೊರಡುವಾಗ "ಮುಂದಿನ ವಾರ ಬರ್ತೀಯಲ್ಲ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು.

ನನ್ನ ಹೆಂಡತಿಗೆ ಇದು ಹಿಡಿಸಲಿಲ್ಲ. "ಕಂಡೋರನ್ನೆಲ್ಲ ಅಣ್ಣ ಅಂದ್ರೆ ನಾನು ಅವರನ್ನ ಭಾವ ಅನ್ಬೇಕಾ? ಮೂಲ ದಾಖಲೆ ತೋರ್ಸಿ, ಆಮೇಲೆ ನೋಡೋಣ."

"ತೋರಿಸ್ತೀನಿ. ನೀನೂ ಬಾ!" ಎಂದೆ ವೀರಾವೇಶದಿಂದ.

ಪುರಸಭೆಯ ದಾಖಲೆ ಕೋಣೆಯಲ್ಲಿ ಜವಾನ ಚಾಪೆಯಷ್ಟು ದೊಡ್ಡ ಪುಸ್ತಕ ತಂದು ಮೇಜಿನ ಮೇಲೆ ಕೆಡವಿದ. ಧೂಳು ಇಳಿದ ಮೇಲೆ ಅಪ್ಪನ ಹೆಸರಿನ ಸಾಲು ಸಿಕ್ಕಿತು. ಕೊನೆಯ ಅಂಕಣದಲ್ಲಿ ಸೊಗಸಾದ ಅಕ್ಷರ: 'ಖಾಲಿ'.

"ನೋಡಿದ್ಯಾ!" ನಾನು ಕುಣಿದೆ. "ಮಹಾಪ್ರಾಣ! ನಕಲು ಮಾಡಿದವನು ಪ್ರಾಣ ತೆಗೆದಿದ್ದಾನೆ! ನಮ್ಮಜ್ಜಿ ಖಾಲಿ ಮನೆತನದವಳು!"

ಅವಳು ಹಾಳೆಯತ್ತ ಬಗ್ಗಿದಳು. ಬೆರಳನ್ನು ಮೇಲಿನ ಸಾಲಿಗೆ ಒಯ್ದಳು. ಖಾಲಿ. ಅದರ ಮೇಲೆಯೂ ಖಾಲಿ. ಕೆಳಗೆ ಬಂದಳು. ಖಾಲಿ, ಖಾಲಿ, ಖಾಲಿ. ಹಾಳೆ ತಿರುವಿದಳು.

"ಏನ್ರೀ, ಊರಿನ ಹೆಂಗಸರೆಲ್ಲ ನಿಮ್ಮಜ್ಜಿಯ ಅಕ್ಕತಂಗಿಯರೇ!"

ಜವಾನ ಬಿದ್ದು ಬಿದ್ದು ನಕ್ಕ. ನಾನೂ ನಗಲು ನೋಡಿದೆ, ಆಗಲಿಲ್ಲ. ಯಾವ ಅಂಕಣವನ್ನೂ ಬರಿದು ಬಿಡಬಾರದೆಂದು ಆ ಗುಮಾಸ್ತ, ಬರಿದಾಗಿದೆ ಎಂಬುದನ್ನೇ ಬರೆದಿಟ್ಟಿದ್ದ. ಅದನ್ನೇ ಒಬ್ಬ ಕಾಲಿ ಮಾಡಿದ, ಇನ್ನೊಬ್ಬ ಗಾಲಿ ಮಾಡಿದ, ಮತ್ತೊಬ್ಬ ಗಾಳಿಗೆ ತೂರಿದ. ಬದುಕೆಲ್ಲ ಕರಡು ತಿದ್ದಿದ ಮಹಾನುಭಾವ ಅದಕ್ಕೆ ವ್ಯಾಕರಣ ಹಚ್ಚಿದ.

ಹೆಂಡತಿಯ ನಗುವೂ ನಿಂತಿತ್ತು. ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು, "ಒಬ್ಬಳನ್ನೂ ಕೇಳಿಲ್ಲ ನೋಡಿ," ಎಂದಳು ಮೆಲ್ಲಗೆ. "ನಿನ್ನ ಮನೆ ಯಾವುದಮ್ಮ ಅಂತ, ಒಬ್ಬಳನ್ನೂ."

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆವು. ನಾನು ಹೇಳಿದೆ, "ಅವರಿಗೆ ಹೇಳೋದು ಬೇಡ ಕಣೇ. ನಾನು ಸುಮ್ನೆ ಭಾನುವಾರ ಹೋಗಿ ಬರ್ತಿರ್ತೀನಿ."

"ಸುಳ್ಳು ನೆಂಟಸ್ತಿಕೆಯಾ? ನಡೀರಿ, ಈಗಲೇ ಹೇಳಿ. ನಾನೂ ಬರ್ತೀನಿ. ನೀವೊಬ್ಬರೇ ಹೋದ್ರೆ ಟೀ ಕುಡಿದು ವಾಪಸ್ ಬರ್ತೀರಾ."

ಹೇಳಿದೆ. ಗಡಿಯಾರದವರು ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ವಾಚನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿದರು.

"ಹಾಗಾದ್ರೆ ಮುಂದಿನ ವಾರ ಬರಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಒಳಗೆ ಕಾಲಿಟ್ಟು ಸ್ಟೂಲಿನ ಮೇಲೆ ಕುಳಿತಳು. "ಇವರು ಬರದಿದ್ರೆ ಹೋಗ್ಲಿ ಬಿಡಿ ಅಣ್ಣ. ನೀವೇ ಬನ್ನಿ ನಮ್ಮನೆಗೆ. ಭಾನುವಾರ ಊಟ ಅಲ್ಲೇ."

ಅವರು ಕಣ್ಣಿನ ಮಸೂರ ತೆಗೆದರು. ಅದನ್ನು ತೆಗೆದದ್ದನ್ನು ನಾನು ಕಂಡದ್ದು ಅದೇ ಮೊದಲು. "ಬರ್ತೀನಿ ತಂಗಿ," ಎಂದರು.

ಅಲ್ಲಿಗೆ ಮುಗಿಯಿತು. ನಾನು ಬೀದಿ ಬೀದಿ ಅಲೆದು ಸಂಪಾದಿಸಿದ ಏಕಮಾತ್ರ ಅಣ್ಣ, ಒಂದೇ ಮಾತಿಗೆ ನನ್ನ ಭಾವನಾಗಿಬಿಟ್ಟರು. ಮೊದಲ ಭಾನುವಾರ ಅಳುಕುತ್ತಾ ಬಂದರು. ಎರಡನೆಯದಕ್ಕೆ ಅವಳ ತಮ್ಮಂದಿರ ವಾಚುಗಳೆಲ್ಲ ರಿಪೇರಿಯಾದವು. ಈಗ ಫೋನಿನಲ್ಲಿ ಅವರೂ ಮಾತಾಡುತ್ತಾರೆ. ನಾನು ಎತ್ತಿದರೆ "ತಂಗಿ ಇಲ್ವಾ?" ಅನ್ನುತ್ತಾರೆ.

ಮೊನ್ನೆ ತರಕಾರಿ ಚೀಲ ಹೊತ್ತು ಒಳಗೆ ಬಂದರೆ ಇಬ್ಬರೂ ಏನಕ್ಕೋ ನಗುತ್ತಿದ್ದವರು ನನ್ನನ್ನು ಕಂಡು ತಟ್ಟನೆ ನಿಲ್ಲಿಸಿದರು.

"ಬನ್ನಿ ಭಾವ, ಕೂತ್ಕೊಳ್ಳಿ," ಎಂದರು ಅವರು, ನನ್ನದೇ ಮನೆಯಲ್ಲಿ, ನನ್ನದೇ ಕುರ್ಚಿಯಿಂದ.

ಸ್ಟೂಲಿನ ಮೇಲೆ ಕುಳಿತೆ. ಬಹಳ ದಿನಗಳ ಮೇಲೆ ಮನೆ ತುಂಬಿದಂತಿತ್ತು. ಏನು ಮಾತಾಡುತ್ತಿದ್ದಿರಿ, ನನಗೂ ಹೇಳಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಗಂಟಲು ಸರಿಮಾಡಿಕೊಂಡರು.

"ಬೇಜಾರು ಮಾಡ್ಕೋಬೇಡಿ ಭಾವ, ಹೆಣ್ಣಿನ ಅಣ್ಣನಾಗಿ ಹೇಳ್ಬೇಕಾಗತ್ತೆ. ನಮ್ಮ ತಂಗಿ ಬೆಳಗಿನಿಂದ ಒಲೆ ಮುಂದೆ ನಿಂತಿದಾಳೆ. ಟೀ ನೀವೇ ಮಾಡಿದ್ರೆ ಚೆನ್ನಾಗಿರತ್ತೆ."

"ನಂಗೆ ಸಕ್ಕರೆ ಕಮ್ಮಿ," ಎಂದಳು ಅವರ ತಂಗಿ.