ಪ್ರತಿ ಶನಿವಾರ ಉದ್ಘಾಟನೆಯಾಗುವ ತರಗತಿ

ಲಂಡನ್ನಿನ ಕ್ರೋಯ್ಡನ್‌ನ ಒಂದು ಬಾಡಿಗೆ ಹಾಲಿನಲ್ಲಿ ೨೦೦೩ರ ಸೆಪ್ಟೆಂಬರ್ ಮೊದಲ್ಗೊಂಡು ಪ್ರತಿ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಮಕ್ಕಳ ಕನ್ನಡ ತರಗತಿಯ ಉದ್ಘಾಟನೆ ನೆರವೇರುತ್ತಿತ್ತು. ನೆರವೇರಿಸುತ್ತಿದ್ದುದು ಅಲ್ಲಿನ ಕನ್ನಡ ಹಿತವರ್ಧಕ ಮಂಡಳಿ. ಈ ಮಂಡಳಿಯಲ್ಲಿ ಮಕ್ಕಳಿಗಿಂತ ಪದಾಧಿಕಾರಿಗಳೇ ಹೆಚ್ಚು ಎಂಬುದು ಆಗದವರು ಹಬ್ಬಿಸಿದ ಮಾತು. ಎರಡೂ ಕಡೆಯವರ ಸಂಖ್ಯೆ ಸರಿಸಮನಾಗಿತ್ತು.

ತರಗತಿಯ ಹೊಸ ಶಿಕ್ಷಕಿ ವೇದವತಿ ಧಾರವಾಡದವಳು. ಸಂಬಳವಿಲ್ಲದ ಈ ಕೆಲಸವನ್ನು ಅವಳು ಒಪ್ಪಿಕೊಂಡಿದ್ದು ಮಗಳ ಸಲುವಾಗಿ. ಏಳು ವರ್ಷದ ಸೃಷ್ಟಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಮಾತ್ರ ಇಂಗ್ಲಿಷೇ ಬರುತ್ತಿತ್ತು. ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ಅತ್ತೆ ನಾಗವ್ವ ಸ್ವಲ್ಪ ಹೊತ್ತು ಹೂಂಗುಟ್ಟಿ ಫೋನ್ ಇಟ್ಟುಬಿಡುತ್ತಿದ್ದರು. ಬರುವ ಬೇಸಿಗೆಗೆ ಅವರು ಮೊದಲ ಸಲ ಲಂಡನ್ನಿಗೆ ಬರುವವರಿದ್ದರು. ಅಷ್ಟರೊಳಗೆ ಅಜ್ಜಿಯೊಡನೆ ನಾಲ್ಕು ಮಾತಾಡುವಷ್ಟು ಕನ್ನಡ ಮಗಳ ನಾಲಿಗೆಗೆ ಹತ್ತಲಿ ಎಂಬುದೊಂದೇ ವೇದವತಿಯ ಆಸೆ.

ಮೊದಲ ಶನಿವಾರ ಅವಳು ಒಂದು ತಾಸು ಮುಂಚೆಯೇ ಹಾಲಿಗೆ ಹೋದಳು. ಪುಟ್ಟ ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಜೋಡಿಸಿದಳು. ಅಕ್ಷರಮಾಲೆಯನ್ನು ಮಕ್ಕಳ ಕಣ್ಣಿಗೆ ನಿಲುಕುವಷ್ಟು ಕೆಳಗೆ ಅಂಟಿಸಿದಳು. ಮೂಲೆಯಲ್ಲಿ ಜಮಖಾನ ಹಾಸಿ ಕತೆ ಪುಸ್ತಕಗಳನ್ನು ಹರಡಿದಳು. ಕೋಣೆ ಎಷ್ಟು ಚೆಂದ ಕಂಡಿತೆಂದರೆ ಅವಳಿಗೇ ಅಲ್ಲಿ ಕೂತು ಮತ್ತೆ ಒಂದನೇ ಇಯತ್ತೆ ಓದಬೇಕು ಅನ್ನಿಸಿತು.

ಅಷ್ಟರಲ್ಲಿ ಮಂಡಳಿಯ ಅಧ್ಯಕ್ಷ ಉದಯಶಂಕರ್ ಬಂದರು. ಬೆಂಗಳೂರಿನವರು, ಕಂಪ್ಯೂಟರ್ ಕಂಪನಿಯೊಂದರಲ್ಲಿ ಮ್ಯಾನೇಜರ್.

“ಎಲ್ಲಾ ಚೆನ್ನಾಗಿದೆ ಮೇಡಂ. ವೇದಿಕೆ ಎಲ್ಲಿ?”

“ವೇದಿಕಿ ಯಾಕ್ರೀ ಸರ್? ಸಣ್ಣ ಹುಡುಗರಿಗೆ ಪಾಠ ಹೇಳೂದದ.”

“ಮುಖ್ಯ ಅತಿಥಿಗಳನ್ನ ಜಮಖಾನದ ಮೇಲೆ ಕೂರಿಸೋಕಾಗುತ್ತಾ?”

ಆಗುವುದಿಲ್ಲ ಎಂಬುದು ವೇದವತಿಗೂ ಗೊತ್ತಿತ್ತು. ಹಾಲಿನ ಒಂದು ತುದಿ ವೇದಿಕೆಯಾಯಿತು, ಜಮಖಾನ ಅಲ್ಲಿಗೆ ಹೋಯಿತು. ಮಕ್ಕಳ ಮೇಜುಗಳ ಮೇಲೆ ಉಪ್ಪಿಟ್ಟು ಮತ್ತು ಚಹಾದ ಫ್ಲಾಸ್ಕು ಕೂತವು. ಅಕ್ಷರಮಾಲೆ ಅತಿಥಿಗಳ ಕಣ್ಣಿನ ಎತ್ತರಕ್ಕೆ ಏರಿತು. ಕುರ್ಚಿಗಳಲ್ಲಿ ಪದಾಧಿಕಾರಿಗಳು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರಿಂದ ಮಕ್ಕಳು ಗೋಡೆಗೆ ಆತು ನಿಂತರು. ಬೆಂಕಿ ಹಚ್ಚಿದರೆ ಹಾಲಿನ ಅಲಾರಂ ಕೂಗುತ್ತದಾದ್ದರಿಂದ ಮುಖ್ಯ ಅತಿಥಿಗಳು ಬ್ಯಾಟರಿ ದೀಪದ ಸ್ವಿಚ್ ಒತ್ತಿ ಜ್ಯೋತಿ ಬೆಳಗಿಸಿದರು. ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಅತಿಥಿಗಳ ಎರಡು ಮಾತು, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಮುಗಿಯುವಷ್ಟರಲ್ಲಿ ಹನ್ನೆರಡಾಯಿತು. ಬಾಡಿಗೆಯ ಕರಾರಿನಂತೆ ಎಲ್ಲವನ್ನೂ ಬಿಚ್ಚಿ, ಮಡಚಿ, ಇದ್ದಲ್ಲಿಯೇ ಇಟ್ಟು ಹೊರಬಂದರು.

ಎರಡನೆಯ ಶನಿವಾರ ಮತ್ತೊಬ್ಬ ಅತಿಥಿ ಶಾಲಿಗೆ ಹೆಗಲು ಕೊಟ್ಟು ಕೂತಿದ್ದರು.

“ಹೋದ ವಾರನ ಉದ್ಘಾಟನಿ ಆತಲ್ರೀ ಸರ್.”

“ಆ ತರಗತೀನ ನೀವೇ ಬಿಚ್ಚಿಟ್ರಲ್ಲ ಮೇಡಂ. ಇದು ಹೊಸದಾಗಿ ಜೋಡಿಸಿದ್ದು. ಉದ್ಘಾಟನೆಯಾಗದ ಕೋಣೇಲಿ ಪಾಠ ಶುರು ಮಾಡಿದ್ರೆ ನಾಳೆ ಜನ ನಮ್ಮನ್ನ ಕೇಳಲ್ವಾ?”

ಈ ತರ್ಕದಲ್ಲಿ ಬೆರಳು ತೂರಿಸಲು ಜಾಗವಿರಲಿಲ್ಲ. ಲಂಡನ್ನಿನ ಈ ತುದಿಯ ಸಟನ್‌ನಿಂದ ಆ ತುದಿಯ ರೇನರ್ಸ್ ಲೇನ್‌ವರೆಗಿನ ಗಣ್ಯರೆಲ್ಲ ಆಗಲೇ ತಮ್ಮ ತಮ್ಮ ಶನಿವಾರಗಳನ್ನು ಕಾದಿರಿಸಿಕೊಂಡಿದ್ದರು.

ನವೆಂಬರಿನಲ್ಲಿ ಒಮ್ಮೆ ಅತಿಥಿಗಳ ರೈಲು ವಿಕ್ಟೋರಿಯಾ ನಿಲ್ದಾಣದಿಂದ ತಡವಾಗಿ ಹೊರಟಿತು. ವೇದವತಿ ಸುಮ್ಮನೆ ಕೂಡಲಾರದೆ ಬೋರ್ಡಿನ ಮೇಲೆ ‘ಅ’ ಬರೆದಳು. ಸೃಷ್ಟಿ ಚಾಕ್‌ಪೀಸ್ ಇಸಿದುಕೊಂಡು ಅದರ ಪಕ್ಕದಲ್ಲಿ ಇನ್ನೊಂದು ‘ಅ’ ಬರೆದಳು. ಸೊಟ್ಟಗಿತ್ತು, ಆದರೂ ತಾಯಿಯ ಕಣ್ಣು ತುಂಬಿ ಬಂತು. ಮರುವಾರ ಬಾಗಿಲಲ್ಲಿ ಪ್ರಕಟಣೆ ತೂಗುತ್ತಿತ್ತು:

‘ಶಿಕ್ಷಕಿಯವರು ಉದ್ಘಾಟನೆಗೆ ಮುನ್ನವೇ ಒಂದು ಅಕ್ಷರವನ್ನು ಬೋಧಿಸಿರುವುದು ಮಂಡಳಿಯ ಗಮನಕ್ಕೆ ಬಂದಿರುತ್ತದೆ. ಸದರಿ ಅಕ್ಷರವನ್ನು ಅನಧಿಕೃತವೆಂದು ಘೋಷಿಸಲಾಗಿದ್ದು, ಮಕ್ಕಳು ಅದನ್ನು ಕಲಿತಿಲ್ಲವೆಂದು ಭಾವಿಸತಕ್ಕದ್ದು. ಮುಂದಿನ ಅಕ್ಷರಗಳನ್ನು ಮಕ್ಕಳು ಕಲಿತಿಲ್ಲವಾದ್ದರಿಂದ ಅವುಗಳ ಬಗ್ಗೆ ಯಾವುದೇ ಆಕ್ಷೇಪಣೆ ಇರುವುದಿಲ್ಲ.’

ವೇದವತಿಗೆ ಮೈಯೆಲ್ಲ ಉರಿಯಿತು. ಅಂದೇ ರಾಜೀನಾಮೆ ಕೊಡಲು ಹೋದಳು. ಶಿಕ್ಷಕಿ ಬಿಟ್ಟು ಹೋಗುವಾಗ ಬೀಳ್ಕೊಡುಗೆ ಸಮಾರಂಭ ಕಡ್ಡಾಯವೆಂದೂ, ಉದ್ಘಾಟನೆಗಳ ದೆಸೆಯಿಂದ ಅದಕ್ಕೆ ಯಾವ ಶನಿವಾರವೂ ಬಿಡುವಿಲ್ಲವೆಂದೂ ಉದಯಶಂಕರ್ ವಿಷಾದಿಸಿದರು. ಅವಳು ಮತ್ತೆ ಕುರ್ಚಿ ಜೋಡಿಸತೊಡಗಿದಳು.

ಜೂನ್ ಬಂತು, ನಾಗವ್ವ ಬಂದರು. ಫ್ಲಾಟಿನ ಸೋಫಾದ ಮೇಲೆ ಕೂತು, ಕೈಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು, ಅಂಜುತ್ತಲೇ ಕೇಳಿದರು: “ಏನವಾ ಸೃಷ್ಟಿ, ಆರಾಮ ಅದೀಯೇನು?”

ವರ್ಷವಿಡೀ ಕುರ್ಚಿ ಹೊತ್ತರೂ ಮಗುವಿಗೆ ಏನೂ ಕಲಿಸಲಾಗಲಿಲ್ಲ ಎಂಬ ಕೊರಗು ವೇದವತಿಯದು. ಸೃಷ್ಟಿ ಎದ್ದು ನಿಂತಳು, ಕೈಮುಗಿದಳು, ಗಂಟಲು ಸರಿಪಡಿಸಿಕೊಂಡಳು.

“ಎಲ್ಲರಿಗೂ ಶುಭೋದಯ. ತಮ್ಮ ಅಮೂಲ್ಯವಾದ ಸಮಯವನ್ನು ಬದಿಗಿರಿಸಿ, ನಮ್ಮ ಕರೆಗೆ ಓಗೊಟ್ಟು ದೂರದ ಧಾರವಾಡದಿಂದ ಆಗಮಿಸಿರುವ ಶ್ರೀಮತಿ ನಾಗವ್ವನವರಿಗೆ ಹೃತ್ಪೂರ್ವಕ ಸ್ವಾಗತವನ್ನು ಕೋರುತ್ತೇನೆ. ಅವರು ಪರಿಚಯದ ಅಗತ್ಯವಿಲ್ಲದ ವ್ಯಕ್ತಿ. ಆದರೂ ಅವರನ್ನು ಪರಿಚಯಿಸಲು ಹರ್ಷಿಸುತ್ತೇನೆ.”

ಒಂದು ಅಕ್ಷರವೂ ತಪ್ಪಲಿಲ್ಲ, ಒಂದು ಇಂಗ್ಲಿಷ್ ಶಬ್ದವೂ ಇಣುಕಲಿಲ್ಲ.

ನಾಗವ್ವ ಸೊಸೆಯತ್ತ ತಿರುಗಿದರು. “ಇಲ್ಲೆ ಮಂದಿ ಮನ್ಯಾಗ ಹಿಂಗ ಮಾತಾಡ್ತಾರೇನ ವೇದಾ?”

ವೇದವತಿ ಒಂದು ಕ್ಷಣ ಯೋಚಿಸಿದಳು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

“ಹೌದ್ರೀ ಅತ್ತಿ,” ಅಂದಳು.

ನಾಗವ್ವ ಪರವೂರಿನ ರಿವಾಜನ್ನು ಮುರಿಯುವ ಹೆಂಗಸಲ್ಲ. ಎರಡು ದಿನ ಕಿವಿಗೊಟ್ಟು ಕೇಳಿದರು, ಮೂರನೆಯ ದಿನ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಸರಿಮಾಡಿಕೊಂಡು ನಿಂತರು.

“ಮಾನ್ಯ ಮೊಮ್ಮಗಳು ಸೃಷ್ಟಿಯವರು ರೊಟ್ಟಿ ಆರೂದರೊಳಗ ಊಟಕ್ಕ ಆಗಮಿಸಬೇಕಂತ ವಿನಂತಿ.”

“ತಮ್ಮ ಆಹ್ವಾನವನ್ನು ಸಂತೋಷದಿಂದ ಸ್ವೀಕರಿಸುತ್ತೇನೆ,” ಅಂದಳು ಸೃಷ್ಟಿ, ಓಡಿ ಬಂದು, ಊಟಕ್ಕೆ ಕೂತ ಅಜ್ಜಿಯ ತೊಡೆಯ ಮೇಲೇರಿ ಕೂತಳು.

ಇಬ್ಬರೂ ತಾಟಿನ ಮುಂದೆ ಕೈಕಟ್ಟಿಕೊಂಡು ವೇದವತಿಯ ಮುಖ ನೋಡಿದರು. ಅವಳು ಎದ್ದು ನಿಂತು, ಬದನೆಕಾಯಿ ಪಲ್ಯದ ಮುಚ್ಚಳ ತೆಗೆದು, ಊಟ ಉದ್ಘಾಟನೆಗೊಂಡಿದೆ ಎಂದು ಘೋಷಿಸಿದಳು.