ಅಂಗಿ ತೊಟ್ಟ ಕುಂಬಳಕಾಯಿಯಿಂದ ಅವಸರವಾಗಿ ಎದ್ದುಹೋದ ಹೆಗ್ಗಣನವರಿಗೆ

ಇವರಿಗೆ,
ನೆಲಮಾಳಿಗೆಯ ಒಡೆಯರಾದ ಶ್ರೀಯುತ ಹೆಗ್ಗಣನವರು,
ನೀರಿನ ತೊಟ್ಟಿಯ ಹಿಂದಿನ ದೊಡ್ಡ ಬಿಲ,
ನಮ್ಮ ಹಿತ್ತಲು.

ಮಾನ್ಯರೇ,

ಈ ಭೂಮಂಡಲದಲ್ಲಿ ಕುಂಬಳಕಾಯಿಯನ್ನು ಮೊಟ್ಟಮೊದಲು ದುಂಡಗೆ ಬೆಳೆಸಿದವನು ನಾನೇ ಎಂಬುದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ನಾನು ಕೈ ಹಾಕುವುದಕ್ಕೆ ಮುಂಚೆ ಅವು ಹಳೇ ದಿಂಬಿನ ಹಾಗೆ ನಾಲ್ಕು ಮೂಲೆ ಇಟ್ಟುಕೊಂಡು ಬೆಳೆಯುತ್ತಿದ್ದವು, ಕೊಯ್ಯುವವರು ಎರಡು ಮೂಲೆ ಹಿಡಿದು ಎತ್ತಿ ಗಾಡಿಗೆ ಎಸೆಯುತ್ತಿದ್ದರು. ಇದನ್ನು ಕಂಡವರು ಯಾರೂ ಈಗ ಬದುಕಿಲ್ಲ, ಅಲ್ಲವೆನ್ನಬಲ್ಲವರೂ ಬದುಕಿಲ್ಲ, ಆದ್ದರಿಂದ ನನ್ನ ಮಾತೇ ಉಳಿದುಕೊಂಡಿದೆ. ಇಂಥವನಾದ ನನ್ನ ಸವಿನಯ ನಮಸ್ಕಾರಗಳನ್ನು ತಾವೂ, ತಮ್ಮ ಶ್ರೀಮತಿಯವರೂ, ಕಣ್ಣು ಬಿಟ್ಟಿರುವ ಮತ್ತು ಇನ್ನೂ ಬಿಡದಿರುವ ತಮ್ಮ ಚಿರಂಜೀವಿಗಳೂ ದಯವಿಟ್ಟು ಸ್ವೀಕರಿಸಬೇಕು.

ಮೊದಲೇ ಒಂದು ಕ್ಷಮೆ ಕೋರುತ್ತೇನೆ. ನಮ್ಮ ಹಳ್ಳಿಯ ಶಾಲೆಗೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಒಂದನೇ ತರಗತಿಯಲ್ಲಿ ಕೂತೇ ನಾನು ಐದನೆಯದರ ಪಾಠವನ್ನೆಲ್ಲ ಕೇಳಿ ಮುಗಿಸಿದೆ. ಐದಕ್ಕೆ ಬಂದ ಮೇಲೆ ಮಾಡಲು ಕೆಲಸವಿಲ್ಲದೆ ಒಂದನೆಯದನ್ನು ಇನ್ನೊಮ್ಮೆ ಕಲಿತೆ. ಪತ್ರಲೇಖನ ಎಂದು ಅಲ್ಲಿ ಕಲಿಸಿದ್ದು ರಜಾ ಅರ್ಜಿ ಒಂದನ್ನೇ. ಹೀಗಾಗಿ ಈ ದೂರಿನ ನಡುವೆ ಎಲ್ಲಾದರೂ 'ನನಗೆ ಜ್ವರ ಬಂದಿರುವುದರಿಂದ' ಎಂದು ನುಸುಳಿದರೆ ತಾವು ಗಾಬರಿಯಾಗದೆ ಮುಂದಿನ ಸಾಲಿಗೆ ದಾಟಿಕೊಳ್ಳಬೇಕು.

ತಮಗೆ ತಿಳಿದಿರುವಂತೆ ನಾನು ದರ್ಜಿ. ಅಳತೆಯ ಟೇಪು ಸ್ನಾನ ಮಾಡುವಾಗಲೂ ನನ್ನ ಕೊರಳಲ್ಲೇ ಇರುವುದರಿಂದ ಓಣಿಯವರು ನನ್ನನ್ನು ಟೇಪ್ ಮಾವ ಎನ್ನುತ್ತಾರೆ. ನನ್ನ ಹೆಂಡತಿಯ ತಮ್ಮ, ಅಂದರೆ ನನ್ನ ಭಾವಮೈದ, ಓಣಿಯ ತಿರುವಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದಾನೆ. ಈ ಎರಡು ವೃತ್ತಿಗಳು ಒಂದಕ್ಕೊಂದು ಅಡ್ಡ ಬರುವ ಕಾರಣವೇ ಇರಲಿಲ್ಲ. ಆದರೆ ಒಂದು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತವನು, ನಾನು ಹಿತ್ತಲಲ್ಲಿ ತರಕಾರಿ ಬೆಳೆಯುವ ವಿಷಯ ಎತ್ತಿದ್ದೇ ತಡ, ನೀರು ಕುಡಿದು ಬಾಯಿ ಒರೆಸಿಕೊಂಡು, "ಭಾವ, ನೀವು ಗುಂಡಿ ಹೊಲೀರಿ, ಚೆನ್ನಾಗಿ ಹೊಲೀತೀರಿ. ಗಿಡದ ತಂಟೆಗೆ ಹೋಗ್ಬೇಡಿ. ಹೋದ ವರ್ಷ ನೀವು ಬೆಳೆದ ಬದನೆಕಾಯಿನ ಅಕ್ಕ ನನ್ನ ಕೈಗಿಟ್ಟಾಗ ಗುಂಡಿ ಅಂದ್ಕೊಂಡು ಜೇಬಿಗೆ ಹಾಕ್ಕೊಂಡು ಹೋಗಿದ್ದೆ" ಎಂದ. ತಮ್ಮನ ಮಾತಿಗೆ ಅಕ್ಕ ನಗುವುದು ಸಹಜ, ಅದನ್ನು ನಾನು ದೊಡ್ಡ ಮನಸ್ಸಿನಿಂದ ತಡೆದುಕೊಳ್ಳಬಲ್ಲೆ. ಆದರೆ ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಒರಗಿಕೊಂಡು ನಕ್ಕಳು.

ಆಗ ನಾನು ಆಡಿದ ಮಾತು ಇಷ್ಟೇ: "ನಿನ್ನ ಅಂಗಡಿಯ ಅತಿ ದೊಡ್ಡ ಕುಂಬಳಕಾಯಿನ ನನ್ನ ಕುಂಬಳಕಾಯಿ ಪಕ್ಕದಲ್ಲಿಟ್ಟು ತೂಗೋಣ ಕಣಯ್ಯಾ. ನಂದು ಕಮ್ಮಿ ಬಿದ್ರೆ ಒಂದೊಂದು ಕಿಲೋಗೂ ಇಷ್ಟು ಅಂತ ನಾನು ಎಣಿಸಿ ಕೊಡ್ತೀನಿ. ಜಾಸ್ತಿ ಬಿದ್ರೆ ನೀನು ಕೊಡು." ಈ 'ಇಷ್ಟು' ಎಂಬುದು ಎಷ್ಟು ಎಂದು ನಾವಿಬ್ಬರೂ ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ಮನೆಯವಳ ಕಿವಿಗೆ ಬೀಳದಂತೆ ಮಾತಾಡಿ ಮುಗಿಸಿದೆವು. ದುಡ್ಡೇನೋ ಗುಂಡಿ ಡಬ್ಬಿಯ ತಳದಲ್ಲಿ ಇತ್ತು. ಅದು ನನ್ನ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಲು ಅವಳು ಸೇರಿಸಿ ಇಟ್ಟ ದುಡ್ಡು. ತುಳಿದೂ ತುಳಿದೂ ನನ್ನ ಮಂಡಿ ಈಗ ಯಂತ್ರಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ ಎಂಬುದು ಅವಳ ವಾದ. ಬಂಡವಾಳ ಬೆಳೆದು ಬರಲಿ, ಮೋಟಾರಿನ ಜೊತೆ ಒಂದು ಫ್ಯಾನೂ ಬರಲಿ ಎಂಬುದು ನನ್ನ ವಾದ.

ಬಳ್ಳಿಯ ವಿಷಯದಲ್ಲಿ ನಾನು ಮಾಡಿದ ಸೇವೆಯನ್ನು ತಾವು ಕೆಳಗಿನಿಂದ ನೋಡಿಯೇ ಇದ್ದೀರಿ. ಗುಂಡಿ ತೋಡಿ, ಒಣಗಿದ ಸಗಣಿ, ಅಡುಗೆಮನೆಯ ಸಿಪ್ಪೆ, ಉದುರೆಲೆ ಎಲ್ಲ ತುಂಬಿ ಬೀಜ ಊರಿದೆ. ಬಳ್ಳಿ ಬಟ್ಟೆ ಒಣಗಿಸುವ ಹಗ್ಗ ಹಿಡಿದುಕೊಂಡಾಗ ಬೆದರಿಸಿ ನೆಲಕ್ಕಿಳಿಸಿದೆ. ಹೆಣ್ಣು ಹೂವಿಗೆ ಗಂಡು ಹೂವನ್ನು ನಾನೇ ತಂದು ಮುಟ್ಟಿಸಿ, ಮರ್ಯಾದೆಗೆ ಮುಖ ತಿರುಗಿಸಿ ನಿಂತೆ. ಕಚ್ಚಿದ ಹೀಚುಗಳಲ್ಲಿ ಒಂದನ್ನೇ ಉಳಿಸಿಕೊಂಡು ಮಿಕ್ಕವನ್ನು ಚಿವುಟಿದೆ. ಆ ಒಂದು ಕಾಯಿ ಬೆಳೆಯಿತು ನೋಡಿ, ಮಾನ್ಯರೇ. ದಿನಾ ಬೆಳಿಗ್ಗೆ ಟೇಪು ಸುತ್ತಿ ಸೊಂಟದಳತೆ ತೆಗೆದು ಹಿತ್ತಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಓಣಿಯ ಅತಿ ದಪ್ಪ ಗಿರಾಕಿಯ ಅಳತೆಯನ್ನು ಅದು ದಾಟಿದ ದಿನ ನಾನು ಆ ಗಿರಾಕಿಯನ್ನು ಕರೆದು ತೋರಿಸಿದೆ. ಅಂದಿನಿಂದ ಅವರು ಬೇರೆ ದರ್ಜಿಯ ಹತ್ತಿರ ಹೋಗುತ್ತಿದ್ದಾರೆ.

ಇನ್ನು ಬಿಸಿಲು, ಕೊರೆಯುವ ನೊಣ, ಹುಳ. ಭಾವಮೈದ ಒಮ್ಮೆ ಬೇಲಿಯಾಚೆಯಿಂದ ಇಣುಕಿ, "ಮೇಲೆ ಪೇಪರ್ ಸುತ್ತಿ, ಕೆಳಗೊಂದು ಹಲಗೆ ಕೊಡಿ ಭಾವ, ಸಾಕು" ಎಂದು ಬಿಟ್ಟಿ ಸಲಹೆ ಕೊಟ್ಟ. ಕಾಯಿಗೆ ಪೇಪರ್ ಸುತ್ತುವುದು ತರಕಾರಿ ಅಂಗಡಿಯವರ ಬುದ್ಧಿ. ನಾನು ಅದಕ್ಕೆ ಅಂಗಿ ಹೊಲಿದೆ.

ಸುಮ್ಮನೆ ಚೀಲದಂಥ ಅಂಗಿಯಲ್ಲ. ಚಳಿಗಾಲದ ಕೋಟಿಗೆಂದು ತಂದು ಮಿಕ್ಕಿದ್ದ ದಪ್ಪ ಬಟ್ಟೆ, ಒಳಗೆ ಲೈನಿಂಗು, ತೊಟ್ಟಿನ ಹತ್ತಿರ ನಿಲ್ಲುವ ಕಾಲರು, ಬ್ಯಾಂಡಿನವರ ಕೋಟಿಗೆ ಕೊಂಡು ಉಳಿದಿದ್ದ ಹಿತ್ತಾಳೆ ಗುಂಡಿಗಳ ಎರಡು ಸಾಲು. ಬೆಳೆಯುವ ಮಕ್ಕಳ ಶಾಲಾ ಅಂಗಿಗೆ ಬಿಡುವ ಹಾಗೆ ಪಕ್ಕದ ಮಡಿಕೆಯೊಳಗೆ ಬಟ್ಟೆ ಧಾರಾಳವಾಗಿ ಬಿಟ್ಟಿದ್ದೆ. ಕಾಯಿ ಬೆಳೆದಂತೆ ಹೊಲಿಗೆ ಬಿಚ್ಚಿ ಅಗಲ ಮಾಡುತ್ತ ಬಂದೆ. ಮನೆಯವಳು, "ನನ್ನ ರವಿಕೆಗೆ ಮೂರು ಸಲ ಹೇಳಿದ್ರೂ ಆಗ್ಲಿಲ್ಲ, ಅದಕ್ಕೆ ನಾಲ್ಕನೇ ಟ್ರಯಲ್ಲಾ?" ಎಂದು ಕೇಳಿದಳು. ಅವಳ ರವಿಕೆ ಯಾವ ಪಂದ್ಯದಲ್ಲೂ ಇಲ್ಲ ಎಂಬುದನ್ನು ನಾನು ಮನಸ್ಸಿನಲ್ಲೇ ಉತ್ತರಿಸಿದೆ.

ಕಾಯಿಯ ತಳ ಒದ್ದೆ ಮಣ್ಣಿಗೆ ತಾಗಿ ಬೆವರಬಾರದೆಂದು ಅಂಗಿಯ ಅಡಿಯಲ್ಲಿ ಗಾಳಿಗೆ ಒಂದು ದುಂಡನೆ ಬಾಯಿ ಬಿಟ್ಟೆ. ಮುಷ್ಟಿ ತೂರಿಸಿ ಅಳತೆ ನೋಡಿದೆ. ಅಂಚು ಪಿಸಿಯದಂತೆ ಸುತ್ತಲೂ ಕೈಹೊಲಿಗೆ ಹಾಕಿ ನಯ ಮಾಡಿದೆ. ಅಂಗಿ ಇರುವಾಗ ಹಲಗೆ ಯಾಕೆ ಎಂದು ಹಲಗೆ ಇಡಲಿಲ್ಲ. ಈಗ ಹಿಂದಿರುಗಿ ನೋಡಿದರೆ, ನನ್ನ ನಲವತ್ತು ವರ್ಷದ ವೃತ್ತಿಯಲ್ಲಿ ಇಷ್ಟು ಸರಿಯಾದ ಅಳತೆಗೆ ಬೇರೆ ಯಾರಿಗೂ ಏನನ್ನೂ ಹೊಲಿದುಕೊಟ್ಟಿಲ್ಲ. ತಮ್ಮ ಭುಜದ ಸುತ್ತಳತೆ, ಮಾನ್ಯರೇ, ಒಂದು ದಾರದಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ತಾವು ನೆಲದಡಿಯಿಂದ ನೇರ ಸುರಂಗ ತೆಗೆದು ಆ ಬಾಯಿಗೇ ಬಂದು ಮುಟ್ಟಿದ ಲೆಕ್ಕಾಚಾರವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ರಸ್ತೆ ಅಗೆಯುವವರು ಮೂರು ಸಲ ಅಗೆದರೂ ಕೊಳಾಯಿ ಸಿಗದೆ ಹೋಗುವ ಓಣಿ ನಮ್ಮದು. ಒಳಗೆ ಕೂತು ತಾವು ಮಾಡಿದ ಕತ್ತರಿ ಕೆಲಸವೂ ಸಾಮಾನ್ಯದ್ದಲ್ಲ. ತಿರುಳು, ಬೀಜ, ನಾರು ಒಂದೂ ಬಿಡದೆ ತೆಗೆದು, ಸುತ್ತಲೂ ಒಂದೇ ಬೆರಳಿನ ದಪ್ಪ ಉಳಿಸಿ, ಹೊರಗಿನ ಸಿಪ್ಪೆಗೆ ಗೀರೂ ಬೀಳದಂತೆ, ನನ್ನ ಲೈನಿಂಗಿನ ಒಂದು ಎಳೆಯನ್ನೂ ಕಡಿಯದೆ! ನನ್ನ ಬಳಿ ಕೆಲಸ ಕಲಿತು ಹೋದವರಲ್ಲಿ ಇಂಥ ಕೈ ಒಬ್ಬನಿಗೂ ಇರಲಿಲ್ಲ.

ನನಗೆ ಸುಳಿವು ಸಿಕ್ಕಿರಲಿಲ್ಲವೆಂದಲ್ಲ. ಬೆಳಗಿನ ಜಾವ ಕಾಯಿಯ ಹತ್ತಿರ ಕಿವಿಯಿಟ್ಟಾಗ ಕರಕರ ಸದ್ದು ಬರುತ್ತಿತ್ತು. ಅದು ಬೆಳೆಯುವ ಸದ್ದು ಎಂದು ಓಣಿಗೆಲ್ಲ ಹೇಳಿ, ಇಬ್ಬರನ್ನು ಕರೆದು ಕೇಳಿಸಿದ್ದೂ ಉಂಟು. ಸೊಂಟದಳತೆ ಒಂದೇ ಕಡೆ ನಿಂತುಬಿಟ್ಟಾಗ, ಆಳು ಎತ್ತರಕ್ಕೆ ಬಂದ ಮೇಲೆ ಯಾರೂ ಬೆಳೆಯುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮನೆಯವಳು ಬೆರಳಲ್ಲಿ ತಟ್ಟಿ, "ಏನೋ ಟೊಳ್ಳು ಸದ್ದು ಬರ್ತಿದೆ ಕಣ್ರೀ" ಎಂದಾಗ, "ಮಾಗಿದ ಕಾಯಿ ಹಾಗೇ ಮೊಳಗೋದು. ನಿನಗೇನು ಗೊತ್ತು, ನಿಮ್ಮ ತಮ್ಮನ ಅಂಗಡೀಲಿ ಎಲ್ಲಾ ಎಳೇವು" ಎಂದು ಬಾಯಿ ಮುಚ್ಚಿಸಿದೆ. ತೂಗುವ ದಿನ ತೊಟ್ಟು ಕೊಯ್ದು ಎತ್ತಿದಾಗ ಕಾಯಿ ಬುಟ್ಟಿಗೆ ಹಗುರಾಗಿ ಬಂತು. ಈ ವಯಸ್ಸಿನಲ್ಲೂ ತೋಳಿನಲ್ಲಿ ಇಷ್ಟು ಬಲ ಇದೆಯಲ್ಲಾ ಎಂದು ನಾನು ನಿಜಕ್ಕೂ ಸಂತೋಷಪಟ್ಟೆ.

ಮುಂದಿನದಕ್ಕೆ ತಾವೇ ಸಾಕ್ಷಿ, ಆದರೂ ಒಳಗಿದ್ದವರಿಗೆ ಹೊರಗಿನದು ಕಂಡಿರಲಾರದು. ಅಂಗಡಿಯ ಮುಂದೆ ಅರ್ಧ ಓಣಿ ನೆರೆದಿತ್ತು. ಭಾವಮೈದನ ಕಾಯಿ ಹದಿನೇಳು ಕಿಲೋ ತೂಗಿತು. ನನ್ನದನ್ನು ತಕ್ಕಡಿಗೆ ಇಡುವ ಮುಂಚೆ ಅಂಗಿ ಬಿಚ್ಚಬೇಕೆಂದು ಅವನು ತಕರಾರು ತೆಗೆದ. ಮನೆಯವಳು, "ತೊಟ್ಟ ಬಟ್ಟೆ ಬಿಚ್ಚಿಸಿ ಯಾರನ್ನಾದ್ರೂ ತೂಗ್ತಾರೇನೋ? ಸುಮ್ನೆ ಇಡೋ" ಎಂದು ಗದರಿದಳು. ಅಂಗಿಸಮೇತ ಇಟ್ಟದ್ದಾಯಿತು. ಮುಳ್ಳು ನಾಲ್ಕು ಕಿಲೋ ನಾನೂರು ಗ್ರಾಮಿಗೆ ಬಂದು ನಿಂತಿತು.

ತಕ್ಕಡಿ ಕೆಟ್ಟಿದೆ ಎಂದೆ. ಒಬ್ಬರು ನಕ್ಕರು. ಮುಳ್ಳನ್ನು ಪರೀಕ್ಷಿಸಲು ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಆಗ ಭಾವಮೈದ ಬಗ್ಗಿ ನೋಡಿ ತಣ್ಣಗೆ ಹೇಳಿದ: "ಭಾವ, ನಿಮ್ಮ ಕುಂಬಳಕಾಯಿಗೆ ಬಾಲ ಇದೆ."

ಆ ಬಾಲ ತಮ್ಮದು. ಅದರ ಹಿಂದೆಯೇ ತಾವು ಇಳಿದಿರಿ, ಟೊಮೇಟೊ ರಾಶಿಯನ್ನು ದಾಟಿದಿರಿ, ಅತಿ ದಪ್ಪ ಗಿರಾಕಿಯ ಕಾಲುಗಳ ನಡುವೆ ಹಾದು ಚರಂಡಿ ಸೇರಿದಿರಿ. ಕಾಯಿಯನ್ನು ಮತ್ತೆ ಇಟ್ಟಾಗ ಮುಳ್ಳು ಮೂರು ಕಿಲೋ ನಾನೂರಕ್ಕೆ ನಿಂತಿತು. ತಮ್ಮ ತೂಕವನ್ನೂ ಸೇರಿಸಬೇಕೆಂದು ನಾನು ಎಷ್ಟು ವಾದಿಸಿದರೂ ಅವನು, "ಓಡಿಹೋಗೋ ಮಾಲನ್ನ ನಮ್ಮಂಗಡೀಲಿ ತೂಗಲ್ಲ ಭಾವ" ಎಂದುಬಿಟ್ಟ.

ಈಗ ನನ್ನ ದೂರಿಗೆ ಬರುತ್ತೇನೆ. ತಾವು ತಿಂದದ್ದರ ಬಗ್ಗೆ ನನ್ನ ದೂರಿಲ್ಲ. ಹಸಿದವರು ತಿನ್ನುತ್ತಾರೆ. ನನ್ನ ದೂರು ತಾವು ಎದ್ದುಹೋದದ್ದರ ಬಗ್ಗೆ. ಕಾಯಿಯೊಳಗಿನದು ತಮ್ಮ ಹೊಟ್ಟೆಗೆ ಹೋಯಿತು. ಹೊಟ್ಟೆ ಕಾಯಿಯೊಳಗೇ ಇತ್ತು. ಹಾಗಿದ್ದ ಮೇಲೆ ತಾವೂ ತಮ್ಮ ಮನೆಮಂದಿಯೂ ಒಟ್ಟಾಗಿ ಒಳಗೇ ಕೂತಿದ್ದರೆ ತೂಕ ಹೋಗುವುದಾದರೂ ಎಲ್ಲಿಗೆ? ನಮ್ಮ ಮೇಷ್ಟ್ರು ಒಂದನೇ ತರಗತಿಯಲ್ಲೋ ಐದನೆಯದರಲ್ಲೋ ಇದನ್ನೇ ಹೇಳಿದ್ದರು. ಊಟಕ್ಕೆ ಇಡೀ ಕುಟುಂಬವನ್ನು ಕರೆತಂದು, ತೂಗುವ ಹೊತ್ತಿಗೆ ಒಬ್ಬರೇ ಬರುವುದು, ಬಂದವರೂ ನಡುವೆ ಎದ್ದು ಹೋಗುವುದು, ಇದು ದೊಡ್ಡವರಿಗೆ ಒಪ್ಪುವ ನಡತೆಯೇ?

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಬೆಳೆಗೆ ಪಂದ್ಯ ಮತ್ತೆ ಕಟ್ಟಿದ್ದೇನೆ. ಈ ಸಲ ಅಂಗಿಯ ಬಾಯಿಯನ್ನು ಶ್ರೀಮತಿಯವರ ಅಳತೆಗೂ ಹೊಂದುವಂತೆ ಬಿಡುತ್ತೇನೆ, ಒಳಗಿನಿಂದ ಹಾಕಿಕೊಳ್ಳುವ ಗುಂಡಿಯನ್ನೂ ಇಡುತ್ತೇನೆ. ತಾವು ನೆಂಟರಿಷ್ಟರ ಸಮೇತ ತೂಗುವ ಬೆಳಿಗ್ಗೆಯೇ ದಯಮಾಡಿಸಿ, ಗುಂಡಿ ಹಾಕಿಕೊಂಡು, ಬಾಲಗಳನ್ನು ಒಳಗೆ ಎಳೆದುಕೊಂಡು, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಹದಿನೆಂಟು ಕಿಲೋಗೆ ಎಷ್ಟು ಜನ ಬೇಕಾಗುತ್ತದೋ ಅದನ್ನು ತಾವೇ ಲೆಕ್ಕ ಹಾಕಿ. ಎಳೆಯರಿಗೆ ಕೆಮ್ಮು ಇದ್ದರೆ ಬಿಟ್ಟು ಬನ್ನಿ. ಬರಲಾಗದಿದ್ದರೆ, ನನಗೆ ಜ್ವರ ಬಂದಿರುವುದರಿಂದ ಎಂದು ಮೊದಲೇ ಒಂದು ರಜಾ ಅರ್ಜಿ ಕೊಡಿ. ಹೇಗೆ ಬರೆಯುವುದೆಂದು ನಾನೇ ಹೇಳಿಕೊಡುತ್ತೇನೆ.

ಇಂತು, ತಮ್ಮ ಊಟದ ಮನೆಯನ್ನು ಸ್ವಂತ ಕೈಯಿಂದ ಹೊಲಿದುಕೊಟ್ಟ
ತಮ್ಮ ವಿಶ್ವಾಸಿ,
ಟೇಪ್ ಮಾವ

ಮರೆತ ಮಾತು: ಮೇಲಿನ ಪತ್ರದ ಒಂದು ಪ್ರತಿಯನ್ನು, ನಲ್ಲಿಯ ಮತ್ತು ಗುಂಡಿ ಡಬ್ಬಿಯ ಸಾಲುಗಳನ್ನು ಮಾತ್ರ ಬಿಟ್ಟು, ಓಣಿಯವರೆಲ್ಲ ಓದಲೆಂದು ಹಿತ್ತಲ ಬಾಗಿಲಿಗೆ ಅಂಟಿಸಿದ್ದೇನೆ. ಭಾವಮೈದ ಓದಿಬಿಟ್ಟಾನೆಂಬ ಭಯವಿಲ್ಲ, ತಕ್ಕಡಿಯ ಮುಳ್ಳು ಬಿಟ್ಟರೆ ಅವನು ಬೇರೇನೂ ಓದಿದವನಲ್ಲ. ಆದರೆ ಈ ಕೊನೆಯ ತುಂಡು ಬಿಲದೊಳಗೆ ಇಟ್ಟ ಪ್ರತಿಯಲ್ಲಿ ಮಾತ್ರ ಇದೆ. ತಾವು ಓದಿದ ಕೂಡಲೇ ದಯವಿಟ್ಟು ತಿಂದುಬಿಡಬೇಕು. 'ಇಷ್ಟು' ಎಂದರೆ ಹತ್ತು ರೂಪಾಯಿ ಎಂದು ಮನೆಯವಳಿಗೆ ಹೇಳಿದ್ದೇನೆ. ಮೋಟಾರು ಎಲ್ಲಿ ಎಂದು ಅವಳು ಕೇಳಿದಾಗಲೆಲ್ಲ, ಅಂಗಡಿಯವನು ಇನ್ನೂ ಬಣ್ಣ ಬಳಿಯುತ್ತಿದ್ದಾನೆ ಎನ್ನುತ್ತೇನೆ, ಮಂಡಿ ಸದ್ದು ಮಾಡದಂತೆ ಮೆಲ್ಲಗೆ ತುಳಿಯುತ್ತೇನೆ. 'ಇಷ್ಟು' ಎಂದರೆ ನೂರು. ಕೊಟ್ಟದ್ದು ಸಾವಿರದ ಮುನ್ನೂರ ಅರವತ್ತು. ತಾವು ಕೂತಿದ್ದರೆ ಅದರಲ್ಲಿ ನೂರು ಉಳಿಯುತ್ತಿತ್ತು. ಕಾಲರು, ಲೈನಿಂಗು, ಎರಡು ಸಾಲು ಹಿತ್ತಾಳೆ ಗುಂಡಿ ಸೇರಿ ಅಂಗಿಯ ತೂಕ ನಾನೂರು ಗ್ರಾಂ. ಅದೂ ಇಲ್ಲದಿದ್ದರೆ ಸಾವಿರದ ನಾನೂರು ಎಣಿಸಬೇಕಾಗಿತ್ತು. ಹೊಲಿಗೆ ಕಲಿತದ್ದಕ್ಕೆ ನಲವತ್ತು ರೂಪಾಯಿ ಉಳಿಯಿತು.