ಮೂವತ್ತೆರಡು ಪರದೆಗಳ ತೆಲಂಗಾಣ

ಧನರಾಜನ ಗ್ರಹಚಾರ ಕೆಟ್ಟದ್ದು ಒಂದು ವೆಬ್‌ಸೈಟಿನ ಹೆಸರಿನ ಮೊದಲ ಪದದಿಂದ. ಆ ಪದ ಅವನು ಬರೆದದ್ದಲ್ಲ, ಅಳಿಸುವ ಅಧಿಕಾರವೂ ಅವನಿಗಿರಲಿಲ್ಲ. ಆದರೂ ಆ ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ನಾರಾಯಣಖೇಡದ ಅರ್ಧ ಊರು ಅದಕ್ಕೆ ಅವನನ್ನೇ ಹಿಡಿದು ಕೇಳಿತು.

ಅವನು ಊರಾಚೆಯ ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಹನ್ನೊಂದು ವರ್ಷದಿಂದ ಟೆಂಪರರಿ. ಅವನ ನಂತರ ಬಂದ ಜವಾನರೂ ಪರ್ಮನೆಂಟಾಗಿ, ಅವನನ್ನು ಕಂಡರೆ ಅಯ್ಯೋ ಪಾಪ ಎನ್ನುವ ಮಟ್ಟಕ್ಕೆ ಬೆಳೆದಿದ್ದರು. ಶನಿವಾರ ಪ್ರಿನ್ಸಿಪಾಲ ಶಂಕ್ರೆಪ್ಪನವರು ಬೀದರಿಗೆ ಮದುವೆಗೆಂದು ಹೊರಡುವ ಮುಂಚೆ ಅವನನ್ನು ಕರೆದಿದ್ದರು.

"ಧನರಾಜ, ನಾಳಿ ಪರೀಕ್ಷಾ ಸುಸೂತ್ರ ಮುಗೀಬೇಕು. ಮೂವತ್ತೆರಡೂ ಮಂದೀದು ಉತ್ತರ ಹೈದರಾಬಾದ್ ಮುಟ್ಟಬೇಕು. ಮುಟ್ಟಿದ್ವು ಅಂದ್ರ ಸೋಮವಾರ ನಿಮ್ಮ ಪರ್ಮನೆಂಟ್ ಆರ್ಡರಿಗಿ ನಾ ಸಹಿ ಹಾಕ್ತೀನಿ."

ಧನರಾಜ ಆ ರಾತ್ರಿ ನಿದ್ದೆ ಮಾಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅದು ಗುಮಾಸ್ತರ ಹುದ್ದೆಗಳ ಪರೀಕ್ಷೆ. ಊರಿನಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನುಲ ಸಮ್ಮೆ, ಅಂದರೆ ಎಲ್ಲ ಜನರ ಮುಷ್ಕರ ನಡೆದಿತ್ತು, ಕಚೇರಿ ಬಂದ್, ಬಸ್ಸು ಬಂದ್. ಆದರೆ ನಮ್ಮ ಹುಡುಗರ ನೌಕರಿಯ ಪ್ರಶ್ನೆ ಎಂದು ಹೋರಾಟ ಸಮಿತಿಯವರೇ ಈ ಪರೀಕ್ಷೆಗೆ ಅನುಮತಿ ಕೊಟ್ಟಿದ್ದರು. ಪರೀಕ್ಷೆ ಕಂಪ್ಯೂಟರಿನಲ್ಲಿ. ಶುರುವಾಯಿತೆಂದರೆ ಕಂಪ್ಯೂಟರಿಗೆ ಬೀಗ ಬಿದ್ದ ಹಾಗೆ. ಪ್ರಶ್ನೆಪತ್ರಿಕೆ ಬಿಟ್ಟು ಬೇರೇನೂ ತೆರೆಯುವುದಿಲ್ಲ. ಈ ಸಲ ಹೈದರಾಬಾದಿನ ಪರೀಕ್ಷಾ ಮಂಡಳಿಯವರು ಉದಾರ ಮನಸ್ಸು ಮಾಡಿ ಒಂದೇ ಒಂದು ವೆಬ್‌ಸೈಟಿಗೆ ಮಂಜೂರಾತಿ ಕೊಟ್ಟಿದ್ದರು. ಅಭ್ಯರ್ಥಿಗಳು ಅದರಲ್ಲಿ ಏನು ಬೇಕಾದರೂ ಹುಡುಕಿ ನೋಡಿ ಉತ್ತರ ಬರೆಯಬಹುದು. ಅದರ ಹೆಸರು 'ಆಂಧ್ರ ಮಾಹಿತಿ ಭಂಡಾರ'.

ಹತ್ತೂವರೆಗೆ ವಾಚ್‌ಮನ್ ಪೀರಪ್ಪ ಬೀಡಿ ಸೇದಲು ಗೇಟಿನಾಚೆ ಹೋದ. ಗೇಟಿನೆದುರಿಗೇ ಸಮಿತಿಯ ಟೆಂಟು. ಪೀರಪ್ಪನಿಗೆ ತಿಳಿದ ಸಂಗತಿ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಹೊಸ ಪದ್ಧತಿಯ ಪರೀಕ್ಷೆಯನ್ನು ಬಾಯ್ತುಂಬ ಹೊಗಳಿ, ವೆಬ್‌ಸೈಟಿನ ಹೆಸರನ್ನೂ ಹೇಳಿ, ಬೀಡಿ ಆರಿಸಿ ವಾಪಸು ಬಂದ. ಅವನ ಬೆನ್ನ ಹಿಂದೆ ಇಪ್ಪತ್ತು ಜನರೂ ಬಂದರು.

ಮುಂದೆ ಇದ್ದವನು ಸಮಿತಿಯ ಸಂಚಾಲಕ ಕ್ರಾಂತಿಕುಮಾರ. ವಿಮಾ ಏಜೆಂಟ, ಆದ್ದರಿಂದ ಸಿಟ್ಟಿಗೇಳುವುದೇ ಗೊತ್ತಿಲ್ಲ, ಬಿಡುವುದೂ ಗೊತ್ತಿಲ್ಲ. ಲ್ಯಾಬಿನ ಕಿಟಕಿಗೆ ಮುಖ ಹಚ್ಚಿ ಮೆಲ್ಲಗೆ ಕರೆದ.

"ಧನರಾಜಣ್ಣ, ಪರೀಕ್ಷಾ ನಡೀಲಿ, ನಮ್ದು ತಕರಾರಿಲ್ಲ. ಬರೇ ಆ ಹೆಸರು ಇರಾಂಗಿಲ್ಲ ನೋಡ್ರಿ."

"ಹೆಸರು ನಾ ಇಟ್ಟಿದ್ದಲ್ರೀ."

"ಬಸ್ ಸ್ಟ್ಯಾಂಡಿನ ಬೋರ್ಡ ನಾವು ಬರ್ದಿದ್ದೇನ್ರಿ? ಬಣ್ಣ ಹಚ್ಚಿಲ್ಲೇನು?"

ಆ ಮಾತು ಸುಳ್ಳಲ್ಲ. ಆ ವರ್ಷ ಊರಿನಲ್ಲಿ ಆ ಪದ ಎಲ್ಲಿ ಕಂಡರೂ ಅದರ ಮೇಲೆ ತೆಲಂಗಾಣ ಎಂದು ಬರೆಯುವುದು ಪದ್ಧತಿಯೇ ಆಗಿತ್ತು. ಅಂಗಡಿಯ ಬೋರ್ಡು, ಗಾಡಿಯ ನಂಬರ್ ಪ್ಲೇಟು, ಯಾವುದನ್ನೂ ಬಿಟ್ಟಿರಲಿಲ್ಲ.

ಧನರಾಜ ಕೈಮುಗಿದು ವಿವರಿಸಿದ. "ಇದು ಬೋರ್ಡಲ್ರೀ. ಮಷೀನು ಲಾಕ್ ಆಗ್ಯಾದ. ಬ್ಯಾರೆ ಒಂದು ಬಟನ್ ಒತ್ತಿದ್ರ ಪರೀಕ್ಷಾನೇ ಬಂದಾಗ್ತದ. ಒಳಗಿಂದ ಒಂದಕ್ಷರ ಬದಲ್ ಮಾಡಾಕ ಬರಾಂಗಿಲ್ಲ."

"ಒಳಗಿಂದ ಬರಂಗಿಲ್ಲ ಅಂದ್ರ ಹೊರಗಿಂದ ಮಾಡೋಣು," ಎಂದ ಕ್ರಾಂತಿಕುಮಾರ. ಪೇಂಟರ್ ಹಣಮಯ್ಯನಿಗೆ ಹೇಳಿ ಕಳಿಸಿದ.

ಹಣಮಯ್ಯ ಮನೂರಿನ ರಸ್ತೆಯ ಅಷ್ಟೂ ಆಟೋಗಳ ನಂಬರ್ ಪ್ಲೇಟು ತಿದ್ದಿ ಕೈ ಪಳಗಿಸಿಕೊಂಡವನು. ಕೆಂಪು ಬಣ್ಣದ ಡಬ್ಬಿ, ಎರಡು ಬ್ರಶ್ಶು ಹಿಡಿದು ನೇರ ಲ್ಯಾಬಿಗೇ ನುಗ್ಗಿದ. ಮೊದಲ ಕಂಪ್ಯೂಟರಿನ ಪರದೆಯನ್ನು ಬೆರಳಿಂದ ತಟ್ಟಿ ನೋಡಿ ತಲೆಯಾಡಿಸಿದ.

"ಗಾಜು ಚಲೋ ಅದ. ಎಣ್ಣಿ ಪೇಂಟ್ ಹೊಡದ್ರ ಹತ್ತು ವರ್ಷ ಅಳ್ಳಾಡಂಗಿಲ್ಲ. ಗ್ಯಾರಂಟಿ ನಂದು."

ಧನರಾಜ ಹಣಮಯ್ಯನಿಗೂ ಪರದೆಗೂ ನಡುವೆ ನಿಂತುಬಿಟ್ಟ. "ಕಾಕಾ, ನಿಮ್ಮ ಕಾಲ್ ಬೀಳ್ತೀನಿ. ಪೇಂಟ್ ಬ್ಯಾಡ. ಕಾಗದದ ಮ್ಯಾಲ ಬರಕೊಡ್ರಿ, ನಾನೇ ಅಂಟಿಸ್ತೀನಿ."

ಕಿಟಕಿಯಾಚೆ ಐದು ನಿಮಿಷ ಸಮಾಲೋಚನೆ ನಡೆಯಿತು. ಕಾಗದಕ್ಕೆ ಸಮ್ಮತಿ ಬಂತು. ಟೆಂಟಿನಿಂದ ಪೋಸ್ಟರ್ ಅಂಟಿಸುವ ಮೈದಾ ಹಿಟ್ಟಿನ ಬಕೆಟ್ಟೂ ಬಂತು. ಹಣಮಯ್ಯ ಚೀಟಿ ಬರೆಯುತ್ತ ಹೋದ, ಧನರಾಜ ಅಭ್ಯರ್ಥಿಗಳ ಹೆಗಲ ಮೇಲಿಂದ ಕೈಚಾಚಿ ಮೂವತ್ತೆರಡು ಪರದೆಗಳಿಗೂ ಅಂಟಿಸುತ್ತ ಹೋದ. ಈಗ ಎಲ್ಲ ಪರದೆಗಳ ನೆತ್ತಿಯ ಮೇಲೆ 'ತೆಲಂಗಾಣ ಮಾಹಿತಿ ಭಂಡಾರ' ಎಂದಾಯಿತು. ಹಿಟ್ಟು ಸ್ವಲ್ಪ ನೀರಾಗಿತ್ತು. ಅದು ಪ್ರಶ್ನೆಗಳ ಮೇಲೆ ಇಳಿದು ಬರುವುದನ್ನು ಹುಡುಗರು ಅಂಗಿಯ ತೋಳಿನಿಂದ ಒರೆಸಿಕೊಂಡರು.

ಧನರಾಜ ಉಸಿರು ಬಿಟ್ಟ. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವ ಮುಂಚೆಯೇ ಕಿಟಕಿಯಿಂದ ಮತ್ತೆ ಕರೆ ಬಂತು.

"ಅಣ್ಣಾ, ಏಳನೇ ನಂಬರ್ ಮಷೀನ್ ನೋಡ್ರಿ. ಕೆಳಗ ಬಂದದ."

ಹೌದು, ಕೆಳಗೂ ಇತ್ತು. ಹುಡುಗ ಪುಟವನ್ನು ಸರಿಸಿದ್ದ, ಪುಟದ ಬುಡದಲ್ಲೂ ಅದೇ ಹೆಸರು. ಧನರಾಜ ಬುಡಕ್ಕೂ ಒಂದೊಂದು ಚೀಟಿ ಅಂಟಿಸಿದ. ಆಮೇಲೆ ಎಡಗಡೆಯ ಪಟ್ಟಿಯಲ್ಲಿ ಕಂಡಿತು, ಬಲಗಡೆಯ ಜಾಹೀರಾತಿನಲ್ಲಿ ಕಂಡಿತು. ಆ ವೆಬ್‌ಸೈಟು ಬರೆದವರಿಗೆ ಆ ಪದದ ಮೇಲೆ ಅದೇನು ಪ್ರೀತಿಯಿತ್ತೋ, ನಡುವಿನ ಬರಹದಲ್ಲಿ ಸಾಲಿಗೊಂದರಂತೆ ಕಂಡಿತು. ಕಂಡಕಂಡಲ್ಲಿ ಚೀಟಿ ಬಿತ್ತು. ಹನ್ನೆರಡು ಗಂಟೆಯ ಹೊತ್ತಿಗೆ ಪ್ರತಿ ಪರದೆಯಲ್ಲೂ ಕಾಣಿಸುತ್ತಿದ್ದ ಜಾಗ ಒಂದು ರೊಟ್ಟಿಯ ಅಗಲ ಉಳಿದಿತ್ತು.

ಕಲ್ಹೇರಿನಿಂದ ಬಂದಿದ್ದ ಶಿಲ್ಪಾರಾಣಿ ಕೈಯೆತ್ತಿದಳು. ಎರಡು ವರ್ಷ ಓದಿ ತಯಾರಾಗಿ, ಬಸ್ಸಿಲ್ಲದೆ ಶೇರ್ ಆಟೋದ ತುದಿಯಲ್ಲಿ ಕೂತು ಬಂದ ಹುಡುಗಿ.

"ಸರ್, ನಾಕನೇ ಪ್ರಶ್ನಾದು ಎರಡು ಉತ್ತರ ತೆಲಂಗಾಣದ ಕೆಳಗ ಹೋಗ್ಯಾವ."

"ಜರಾ ಓರೆ ಆಗಿ ನೋಡವ್ವ. ಅಂಚಿನಿಂದ ಕಾಣಸ್ತಾವ."

"ಹದಿನೇಳನೇದಕ್ಕ ಏನ್ ಮಾಡ್ಲಿ ಸರ್?"

ಧನರಾಜ ಬಗ್ಗಿ ನೋಡಿದ. ಆಂಧ್ರಪ್ರದೇಶ ರಾಜ್ಯ ಸ್ಥಾಪನೆಯಾದ ವರ್ಷ ಯಾವುದು ಎಂಬುದು ಮಂಡಳಿಯವರ ಪ್ರಶ್ನೆ. ಹಣಮಯ್ಯನ ಚೀಟಿ ಬಿದ್ದ ಮೇಲೆ ಅದು ತೆಲಂಗಾಣ ರಾಜ್ಯ ಸ್ಥಾಪನೆಯಾದ ವರ್ಷ ಯಾವುದು ಎಂದಾಗಿತ್ತು.

"ಇದರ ಉತ್ತರ ಇನ್ನಾ ಬಂದಿಲ್ಲಲ್ರೀ ಸರ್," ಎಂದಳು ಶಿಲ್ಪಾರಾಣಿ.

ಮಾತು ಕಿಟಕಿಯಾಚೆ ಹೋಯಿತು. ಅಲ್ಲಿ ಭಾರಿ ಚರ್ಚೆಯೇ ಎದ್ದಿತು. ಇದೇ ವರ್ಷ ಬರೆಯಲಿ ಎಂದರು ಕೆಲವರು. ದಿಲ್ಲಿಯವರನ್ನು ನಂಬಬೇಡಿ, ಮುಂದಿನ ವರ್ಷ ಬರೆದರೆ ಕ್ಷೇಮ ಎಂದರು ಇನ್ನು ಕೆಲವರು. ಪೀರಪ್ಪ ಸಂಕ್ರಾಂತಿ ಎಂದ. ಕೊಟ್ಟಿದ್ದ ನಾಲ್ಕು ಆಯ್ಕೆಗಳಲ್ಲಿ ಯಾವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಕ್ರಾಂತಿಕುಮಾರ ತೀರ್ಪು ಕೊಟ್ಟ.

"ಅದೊಂದು ಖಾಲಿ ಬಿಡ್ರಿ ತಂಗಿ. ಅದನ್ನ ನಾವು ನೋಡ್ಕೋತೀವಿ."

ಅಂತೂ ಒಂದು ಗಂಟೆಗೆ ಕೊನೆಯ ಅಭ್ಯರ್ಥಿಯೂ ಮುಗಿಸಿದ. ಮೂವತ್ತೆರಡು ಉತ್ತರಗಳೂ ಹೈದರಾಬಾದ್ ಮುಟ್ಟಿವೆ ಎಂದು ಧನರಾಜನ ಮೇಜಿನ ಕಂಪ್ಯೂಟರು ಹೇಳಿತು. ಅವನು ಅದನ್ನು ಎರಡು ಸಲ ಓದಿದ. ಹೆಂಡತಿ ಜಗದೇವಿಗೆ ಫೋನು ಮಾಡಿ, "ಆತು. ಸ್ವೀಟ್ ಏನರೇ ಮಾಡು," ಎಂದ. ಹನ್ನೊಂದು ವರ್ಷದಲ್ಲಿ ಅವನಿಗೆ ಅಷ್ಟು ಸುಖವಾದ ಗಳಿಗೆ ಬಂದಿರಲಿಲ್ಲ. ನನಗೂ ಅವನನ್ನು ಅಲ್ಲಿಗೇ ಬಿಟ್ಟುಬಿಡಬೇಕೆಂದು ಆಸೆ. ಆದರೆ ಗೇಟಿನೊಳಗೆ ಜೀಪು ಬಂತು.

ಬಂದವರು ಪರೀಕ್ಷಾ ಮಂಡಳಿಯ ತಪಾಸಣಾ ಅಧಿಕಾರಿ ಆತ್ಮಾರಾಮ ಸಾಹೇಬರು. ಧನರಾಜನಿಗೆ ಮಂಡಳಿಯ ಸುತ್ತೋಲೆ ನೆನಪಾಯಿತು: ಪರೀಕ್ಷಾ ಕೊಠಡಿಯೊಳಗೆ ಬೆರಳಗಲದ ಕಾಗದ ಸಿಕ್ಕರೂ ನಕಲು ಎಂದೇ ಪರಿಗಣಿಸಲಾಗುವುದು. ಅವನ ಕೊಠಡಿಯಲ್ಲಿ ಪರದೆಗೆ ಹತ್ತಾರು ಚೀಟಿಗಳಿದ್ದವು. ಓಡಿಹೋಗಿ ಒಂದನ್ನು ಕೆರೆದ. ಮೈದಾ ಒಣಗಿ ಗಟ್ಟಿಯಾಗಿತ್ತು. 'ತೆ' ಮಾತ್ರ ಬಂತು.

ಆತ್ಮಾರಾಮರು ಒಳಗೆ ಬಂದರು. ಮೊದಲ ಪರದೆಯ ಮುಂದೆ ನಿಂತು ಓದಿದರು. ಎರಡನೆಯದನ್ನು ಓದಿದರು. ಹಾಗೆಯೇ ಮೂವತ್ತೆರಡನ್ನೂ ದಾಟಿ ಧನರಾಜನ ಮುಂದೆ ಬಂದು ನಿಂತರು. ಜೇಬಿಗೆ ಕೈ ಹಾಕಿದರು. ಧನರಾಜ ಪೆನ್ನು ಬರುತ್ತದೆಂದುಕೊಂಡ. ಬಂದದ್ದು ಕರವಸ್ತ್ರ. ಸಾಹೇಬರು ಕಣ್ಣೊರೆಸಿಕೊಂಡರು.

"ಇದು ಯಾರ ಕೆಲಸ?"

"ನಂದೇ ರೀ ಸಾಬ್. ತಪ್ಪಾತು."

"ತಪ್ಪ?" ಎಂದರು ಆತ್ಮಾರಾಮರು. "ನಾ ನೌಕರರ ಸಂಘದ ಉಪಾಧ್ಯಕ್ಷ ಅದೀನಿ. ಇಪ್ಪತ್ತು ದಿನದಿಂದ ಸಮ್ಮೆದಾಗ ಇದ್ದೋನು. ಇವತ್ತೊಂದಿನ ಜಬರದಸ್ತಿ ಡ್ಯೂಟಿ ಹಾಕ್ಯಾರ. ಬೆಳಿಗ್ಗಿ ತಾಂಡೂರಿಗಿ ಹೋದೆ, ಆ ಹೆಸರಿನ ಕೆಳಗ ಕುಂತು ಬರಿಯಾಕತ್ತಿದ್ರು. ಜಹೀರಾಬಾದಿಗಿ ಬಂದೆ, ಅಲ್ಲೂ ಅದೇ. ನಾಚಿಕಿ ಬಂತು. ನೀವೊಬ್ರೇ ನೋಡ್ರಿ ಗಂಡಸು."

ಧನರಾಜನಿಗೆ ಜೀವ ಬಂದ ಹಾಗಾಯಿತು. ಸಾಹೇಬರು ಅಲ್ಲೇ ಕೂತು ವರದಿ ಬರೆದರು. ಬರೆದದ್ದನ್ನು ತಾವೇ ಹೆಮ್ಮೆಯಿಂದ ಓದಿ ಹೇಳಿದರು: ನಾರಾಯಣಖೇಡ ಕೇಂದ್ರದ ಸಿಬ್ಬಂದಿ ಸಮ್ಮೆಗೆ ಬೆಂಬಲ ಸೂಚಿಸಿ ಪರೀಕ್ಷೆಯನ್ನು ಸಂಪೂರ್ಣ ಬಹಿಷ್ಕರಿಸಿದ್ದಾರೆ. ಇಲ್ಲಿಂದ ಬಂದ ಉತ್ತರಗಳನ್ನು ಪರಿಗಣಿಸಬಾರದು.

"ಬಹಿಷ್ಕಾರ ಮಾಡಿಲ್ರೀ ಸಾಬ್," ಎಂದ ಧನರಾಜ. "ಮೂವತ್ತೆರಡೂ ಮಂದಿ ಬರ್ದಾರ. ಹೈದರಾಬಾದ್ ಮುಟ್ಟ್ಯಾವ."

"ನಿಮ್ಮ ವಿನಯ ನಂಗ ತಿಳೀತದ."

"ವಿನಯ ಅಲ್ರೀ, ಖರೇನೇ ಬರ್ದಾರ."

"ಕೆಲಸ ಮಾಡಿ ಹೆಸರು ಬ್ಯಾಡ ಅನ್ನೋರು ಈ ಕಾಲದಾಗ ಎಲ್ಲಿ ಸಿಗ್ತಾರ," ಎಂದು ಆತ್ಮಾರಾಮರು ಸಹಿ ಹಾಕಿದರು. ಕೂಡಲೇ ಫೋನಿನಲ್ಲಿ ಹೈದರಾಬಾದಿಗೂ ಹೇಳಿಬಿಟ್ಟರು.

ಧನರಾಜ ಕೊನೆಯ ಆಸೆಯಿಂದ, ಬಾಗಿಲಲ್ಲಿ ಉಳಿದ ಅಭ್ಯರ್ಥಿಗಳ ಜೊತೆ ನಿಂತಿದ್ದ ಶಿಲ್ಪಾರಾಣಿಯ ಕಡೆ ನೋಡಿದ. ಓದಿ ಬಂದ ಹುಡುಗಿ, ಅನ್ಯಾಯ ಎಂದು ಅವಳಾದರೂ ಜಗಳ ತೆಗೆದಾಳು.

"ಅಂದ್ರ ನಮಗ ಇನ್ನೊಮ್ಮೆ ಪರೀಕ್ಷಾ ಇಡ್ತಾರೇನ್ರೀ ಸಾಬ್?" ಎಂದು ಕೇಳಿದಳು ಅವಳು.

"ಇಡಬೇಕಾಗ್ತದವ್ವ. ಹದಿನೈದು ದಿನದಾಗ."

ಶಿಲ್ಪಾರಾಣಿಯೇ ಮೊದಲು ಚಪ್ಪಾಳೆ ಹೊಡೆದಳು. ಅರ್ಧ ಪ್ರಶ್ನೆಗಳನ್ನು ಕಣ್ಣಿಂದಲೂ ನೋಡದೆ ಬರೆದಿದ್ದ ಉಳಿದ ಮೂವತ್ತೊಂದು ಜನ ಅವಳಿಗಿಂತ ಜೋರಾಗಿ ಹೊಡೆದರು. ಕ್ರಾಂತಿಕುಮಾರ ಶಾಲು ತಂದ. ಧನರಾಜನನ್ನು ಟೆಂಟಿಗೆ ಕರೆದೊಯ್ದು ಖುರ್ಚಿಯ ಮೇಲೆ ಕೂರಿಸಿ ಫೋಟೋ ತೆಗೆದರು. ಫೋಟೋದಲ್ಲಿ ಅವನು ಅಳುತ್ತಿರುವುದು ಸ್ಪಷ್ಟ ಕಾಣುತ್ತದೆ. ನೋಡಿದವರೆಲ್ಲ ಆನಂದಬಾಷ್ಪ ಎಂದರು.

ಸಂಜೆ ಐದಕ್ಕೆ ಶಂಕ್ರೆಪ್ಪನವರು ಬೀದರಿನಿಂದ ಬಂದರು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಧನರಾಜ ಶಾಲು ಮಡಚಿ ಹಿಂದೆ ಹಿಡಿದುಕೊಂಡು ಅವರ ಮುಂದೆ ನಿಂತು, ಬೆಳಗಿನಿಂದ ನಡೆದದ್ದನ್ನೆಲ್ಲ ಬಿಡದೆ ಹೇಳಿದ. ಶಂಕ್ರೆಪ್ಪನವರು ಪೂರ್ತಿ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ.

"ನಿಮ್ಮ ಮಾತು ನಾ ನಂಬ್ತೀನಿ, ಧನರಾಜ. ಆದ್ರ ವರದಿ ಕಾಲೇಜಿನ ಆಡಳಿತ ಮಂಡಳಿಗಿ ಹೋಗ್ಯಾದ. ಪರ್ಮನೆಂಟ್ ಇದ್ದೋರು ಕೆಲಸಾ ಬಿಟ್ಟು ಕುಂತ್ರ ಅದಕ್ಕ ಸಮ್ಮೆ ಅಂತಾರ. ಟೆಂಪರರಿ ಇದ್ದೋರು ಕುಂತ್ರ ನೌಕರಿ ಬಿಟ್ರು ಅಂತಾರ. ಮಧ್ಯಾಹ್ನಾನೇ ನಿಮ್ಮ ಹೆಸರು ತೆಗದು ಹಾಕ್ಯಾರ."

ಧನರಾಜ, "ಹದಿನೈದು ದಿನಕ್ಕ ಮತ್ತ ಪರೀಕ್ಷಾ ಅದಲ್ರೀ ಸರ್. ಲ್ಯಾಬ್ ಯಾರು ನೋಡ್ತಾರ?" ಎಂದ. ಇಂಥ ಹೊತ್ತಿನಲ್ಲೂ ಲ್ಯಾಬಿನ ಚಿಂತೆ ಮಾಡುವವನನ್ನು ಕಂಡರೆ ನನಗಂತೂ ಸಂಕಟವಾಗುತ್ತದೆ.

"ಅದಕ್ಕೇ ಹೊಸಬರನ್ನ ತಗೋರಿ ಅಂತ ಹೇಳ್ಯಾರ. ಟೆಂಪರರಿ ಮ್ಯಾಲ." ಶಂಕ್ರೆಪ್ಪನವರು ಮೇಜಿನ ಖಾನೆ ಎಳೆದು ಒಂದು ಅರ್ಜಿ ನಮೂನೆ ತೆಗೆದು ಮುಂದಿಟ್ಟರು. ದನಿ ಇಳಿಸಿದರು. "ಜಲ್ದಿ ತುಂಬ್ರಿ. ನಾ ನಿಮ್ಮನ್ನೇ ತಗೋತೀನಿ. ಬರೇ ಒಂದು ಮಾತು. ಹಿಂದಿನ ಅನುಭವ ಅಂತ ಇರ್ತದಲ್ಲ, ಅಲ್ಲಿ ಈ ಕಾಲೇಜಿನ ಹೆಸರು ಬರೀಬ್ಯಾಡ್ರಿ. ಸಮ್ಮೆದಾಗ ಇದ್ದ ಮನುಷ್ಯ ಅಂತ ಗೊತ್ತಾದ್ರ ಆಡಳಿತ ಮಂಡಳಿಯವರು ತಗೊಳ್ಳಂಗಿಲ್ಲ."

ಧನರಾಜ ಕೂತು ಅರ್ಜಿ ತುಂಬಿದ. ಹೆಸರು ಬರೆದ, ಊರು ಬರೆದ. ಅನುಭವದ ಸಾಲಿಗೆ ಬಂದ. ಹನ್ನೊಂದು ವರ್ಷಗಳನ್ನು ನುಂಗಿಕೊಂಡು, ಇಲ್ಲ ಎಂದು ಬರೆದು ಸಹಿ ಮಾಡಿದ.